ಅಂಕಿತದ ಹೊಣೆ

ಸೈಕ್ಲೋಸ್ಟೈಲ್ ಪತ್ರಿಕೆಗೆ ಚಿತ್ರ ಬರೆದು ಬಲ್ಲವರಿಗೆ ಒಂದು ಸಂಗತಿ ಗೊತ್ತು. ಮೇಣ ಸವರಿದ ಸ್ಟೆನ್ಸಿಲ್ ಹಾಳೆಯ ಮೇಲೆ ಉಕ್ಕಿನ ಮೊನೆಯಿಂದ ಗೆರೆ ಎಳೆಯುವಾಗ ಕೈ ಹಗುರವಾದರೆ ಮಸಿ ಇಳಿಯದು. ಭಾರವಾದರೆ ಹಾಳೆಯೇ ಹರಿಯುವುದು. ತಪ್ಪಿದ ಗೆರೆಯನ್ನು ಕೆಂಪು ದ್ರವ ಸವರಿ ಮುಚ್ಚಬಹುದು. ಆದರೆ ಅದು ಉರುಳೆ ತಿರುಗುವುದಕ್ಕೆ ಮೊದಲು. ಒಮ್ಮೆ ಉರುಳೆ ತಿರುಗಿ ಇನ್ನೂರು ಪ್ರತಿಗಳು ಹೊರಬಿದ್ದವೆಂದರೆ ಆ ಗೆರೆಯು ಬರೆದವನ ಕೈಬಿಟ್ಟು ಹೋಯಿತು. ಅವನ ಲೆಕ್ಕದಿಂದ ಮಾತ್ರ ಹೋಗಲಿಲ್ಲ.

ಬಹಳ ವರ್ಷಗಳ ಹಿಂದೆ, ಗಡಿನಾಡಿನ ನಮ್ಮ ಊರಿನಲ್ಲಿ, ಇಂತಹದೇ ಒಂದು ಪತ್ರಿಕೆಯ ವಿಶೇಷ ಸಂಚಿಕೆಗೆ ಮುಖಪುಟ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಭಾಷೆಯ ಜಗಳ ಕಾವೇರಿದ್ದ ದಿನಗಳು. ಹಿರಿಯರು ನಾಲ್ವರು ಕುಳಿತು ಚಿತ್ರ ಹೇಗಿರಬೇಕೆಂದು ನಿಶ್ಚಯಿಸಿದರು: ಬೇಲಿ ನುಸುಳಿ ಅಂಗಳಕ್ಕೆ ಬರುತ್ತಿರುವ ಒಂದು ನರಿ, ಆ ನರಿಗೆ ನಮ್ಮ ನೆರೆಭಾಷೆಯವರು ಉಡುವ ಬಗೆಯ ಮುಂಡು. ನಾನು ಬರೆದೆ. ಮೂಲೆಯಲ್ಲಿ ನನ್ನ ಹೆಸರಿನ ಮೊದಲಕ್ಷರವನ್ನೂ ಇಟ್ಟೆ. ಆ ನೆರೆಭಾಷೆಯವರೇ ಆಗಿದ್ದ, ಬಾಲ್ಯದಲ್ಲಿ ನನಗೆ ಪೆನ್ಸಿಲ್ ಹಿಡಿಯಲು ಕಲಿಸಿದ್ದ, ಪಕ್ಕದ ಮನೆಯ ಮಾಸ್ತರರು ಸಂಚಿಕೆಯನ್ನು ತಿರುವಿ ನೋಡಿದರು. "ನರಿಯ ಕಾಲು ಚೆನ್ನಾಗಿ ಬಂದಿದೆ, ಮಗನೆ" ಎಂದರು. "ಅವರು ಹೇಳಿದರು, ನಾನು ಬರೆದೆ, ಮಾಸ್ತರರೇ" ಎಂದೆ ನಾನು. ಅವರು ಮತ್ತೇನೂ ಹೇಳಲಿಲ್ಲ. ಕನ್ನಡಕ ಒರೆಸಿಕೊಂಡು ಒಳಗೆ ಹೋದರು.

"ಅವರು ಹೇಳಿದರು, ನಾನು ಬರೆದೆ." ಈ ಉತ್ತರ ಸಾಕೆ? ಪರರ ಮಾತಿಗೆ ಚಿತ್ರ ಬರೆದು ಬದುಕುವವನಿಗೆ ಆ ಚಿತ್ರದ ಪಾಪಪುಣ್ಯಗಳಲ್ಲಿ ಪಾಲುಂಟೆ, ಇಲ್ಲವೆ? ನನ್ನಂತಹ ಹವ್ಯಾಸಿಯ ಒಂದು ನರಿಯನ್ನಿಟ್ಟುಕೊಂಡು ಇಷ್ಟು ದೊಡ್ಡ ಪ್ರಶ್ನೆಯನ್ನು ತೂಗಲಾಗದು. ಇದನ್ನೇ ವೃತ್ತಿಯಾಗಿ ಐವತ್ತು ವರ್ಷ ನಡೆಸಿದವನೊಬ್ಬನ ಬಾಳನ್ನು ನೋಡುವುದು ಮೇಲು. ಅಂತಹವನು ಇಂಗ್ಲೆಂಡಿನ ಜಾನ್ ಟೆನಿಯಲ್.

ಹೆಸರು ಅಪರಿಚಿತವೆನಿಸಿದರೂ ಅವನ ಚಿತ್ರಗಳನ್ನು ಕಾಣದ ಓದುಗರು ವಿರಳ. ಲೂಯಿಸ್ ಕ್ಯಾರಲ್ಲನ ಆಲಿಸಳ ಕಥೆಯಲ್ಲಿ ಜೇಬುಗಡಿಯಾರ ನೋಡುತ್ತ ಓಡುವ ಬಿಳಿಯ ಮೊಲ, ದೊಡ್ಡ ಟೋಪಿಯ ಮರುಳ, ಕೊಂಬೆಯ ಮೇಲೆ ನಗುತ್ತ ಕುಳಿತ ಬೆಕ್ಕು, ಇವೆಲ್ಲ ಇಂದಿಗೂ ಲೋಕದ ಕಣ್ಣಿಗೆ ಕಾಣುವುದು ಟೆನಿಯಲ್ಲನು ಕಂಡ ರೂಪದಲ್ಲಿಯೇ. ಬರೆದವನು ಕ್ಯಾರಲ್, ತೋರಿಸಿದವನು ಟೆನಿಯಲ್.

ಅವನು 1820ರಲ್ಲಿ ಲಂಡನ್ನಿನಲ್ಲಿ ಹುಟ್ಟಿದನು. ತಂದೆ ಕತ್ತಿವರಸೆಯನ್ನೂ ನೃತ್ಯವನ್ನೂ ಕಲಿಸುತ್ತಿದ್ದವನು. ಇಪ್ಪತ್ತರ ವಯಸ್ಸಿನಲ್ಲಿ ತಂದೆಯೊಡನೆ ವರಸೆಯಾಡುತ್ತಿದ್ದಾಗ ತಂದೆಯ ಕತ್ತಿಯ ತುದಿಗೆ ಹಾಕಿದ್ದ ಗುಬುಟು ಕಳಚಿ, ಮೊನೆಯು ಮಗನ ಬಲಗಣ್ಣಿಗೆ ತಗುಲಿತು. ಆ ಕಣ್ಣಿನ ದೃಷ್ಟಿ ಕ್ರಮೇಣ ಪೂರ್ತಿಯಾಗಿ ಹೋಯಿತು. ಗಾಯ ಎಷ್ಟು ಆಳವಾದುದೆಂಬುದನ್ನು ಟೆನಿಯಲ್ಲನು ತಂದೆಗೆ ಎಂದೂ ತಿಳಿಸಲಿಲ್ಲ; ತಿಳಿದರೆ ಮುದುಕನ ಎದೆ ಒಡೆದೀತೆಂದು ಮರೆಸಿಟ್ಟನು. ಮುಂದೆ ಬಂದ ಅಷ್ಟೂ ಚಿತ್ರಗಳನ್ನು ಅವನು ಬರೆದುದು ಒಂದೇ ಕಣ್ಣಿನಿಂದ. ಪರರ ನೋವನ್ನು ತಿಳಿಯಲಾರದ ಕಟುಕನಲ್ಲ ಅವನು ಎಂಬುದು ನೆನಪಿರಲಿ.

ರಾಯಲ್ ಅಕಾಡೆಮಿಯ ಚಿತ್ರಶಾಲೆಯನ್ನು ಸೇರಿದನಾದರೂ ಅಲ್ಲಿಯ ಪಾಠ ರುಚಿಸದೆ ಹೊರಬಂದನು. ಹೆಚ್ಚು ಕಡಮೆ ತಾನೇ ಕಲಿತವನು. ಎದುರಿಗೆ ಯಾರನ್ನೂ ನಿಲ್ಲಿಸಿಕೊಳ್ಳದೆ, ಒಮ್ಮೆ ಕಂಡುದನ್ನು ನೆನಪಿನಿಂದಲೇ ಬರೆಯುವುದು ಅವನ ಪದ್ಧತಿ. 1845ರಲ್ಲಿ ಪಾರ್ಲಿಮೆಂಟಿನ ಹೊಸ ಮಂದಿರದ ಗೋಡೆಗಳ ಅಲಂಕಾರಕ್ಕಾಗಿ ಏರ್ಪಟ್ಟ ಸ್ಪರ್ಧೆಗೆ ಹದಿನಾರು ಅಡಿಯ ಚಿತ್ರವೊಂದನ್ನು ಕಳುಹಿಸಿ 200 ಪೌಂಡುಗಳ ಬಹುಮಾನ ಪಡೆದನು. ಆ ಚಿತ್ರದ ವಸ್ತು ನ್ಯಾಯದೇವತೆ. ಈ ದೇವತೆಯನ್ನು ಮುಂದೆ ಇನ್ನೊಮ್ಮೆ ಭೇಟಿಯಾಗಬೇಕಾಗಿದೆ. 1848ರಲ್ಲಿ ಈಸೋಪನ ನೀತಿಕಥೆಗಳಿಗೆ ಅವನು ಬರೆದ ಚಿತ್ರಗಳು ಹೆಸರು ತಂದವು. 1850ರ ಕೊನೆಯಲ್ಲಿ ಲಂಡನ್ನಿನ 'ಪಂಚ್' ಎಂಬ ಹಾಸ್ಯ ವಾರಪತ್ರಿಕೆಯಿಂದ ಕರೆ ಬಂದಿತು. ಅಲ್ಲಿ ಹಿಡಿದ ಪೆನ್ಸಿಲನ್ನು ಅವನು ಕೆಳಗಿಟ್ಟುದು 1901ರಲ್ಲಿ. ಅಷ್ಟರೊಳಗೆ ಎರಡು ಸಾವಿರಕ್ಕೂ ಹೆಚ್ಚು ರಾಜಕೀಯ ವ್ಯಂಗ್ಯಚಿತ್ರಗಳು ಅವನ ಕೈಯಿಂದ ಬಂದಿದ್ದವು.

ಅವನ ಬಾಳಿನ ಎರಡು ಮುಖಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ. ಮೊದಲನೆಯದು ಆಲಿಸಳದು.

ಕ್ಯಾರಲ್ಲನು ತಾನು ಬರೆದ ಕಥೆಯ ಹಸ್ತಪ್ರತಿಗೆ ತಾನೇ 37 ಚಿತ್ರಗಳನ್ನು ಬರೆದಿದ್ದನು. ಪುಸ್ತಕ ಅಚ್ಚಾಗಬೇಕೆಂದಾಗ ಅವು ಸಾಲವೆಂದು ತಿಳಿದು, 1864ರಲ್ಲಿ ಟೆನಿಯಲ್ಲನನ್ನು ಕೇಳಿಕೊಂಡನು. ಒಪ್ಪಿದ ಟೆನಿಯಲ್ಲನು 42 ಚಿತ್ರಗಳನ್ನು ಬರೆದನು. ಸಂಭಾವನೆ 138 ಪೌಂಡು. ಆ ಕಾಲದ ಕ್ರಮವೆಂದರೆ ಚಿತ್ರಗಾರನು ಗಟ್ಟಿಮರದ ನುಣ್ಣನೆಯ ಹಲಗೆಯ ಮೇಲೆ ಚಿತ್ರವನ್ನು ಎಡಬಲ ತಿರುಗಿಸಿ ಪೆನ್ಸಿಲಿನಿಂದ ಬರೆಯಬೇಕು. ಕೆತ್ತನೆಗಾರರು ಗೆರೆಗಳನ್ನು ಉಳಿಸಿ ಮಿಕ್ಕ ಮರವನ್ನು ಕೊರೆದು ತೆಗೆಯಬೇಕು. ಆಲಿಸಳ ಹಲಗೆಗಳನ್ನು ಕೆತ್ತಿದವರು ಡಾಲ್ಜಿಯೆಲ್ ಸೋದರರು. ಒಂದು ಚಿತ್ರಕ್ಕೆ ಹೀಗೆ ಹಲವು ಕೈಗಳು.

1865ರ ಬೇಸಗೆಯಲ್ಲಿ ಎರಡು ಸಾವಿರ ಪ್ರತಿಗಳು ಅಚ್ಚಾದವು. ಟೆನಿಯಲ್ಲನು ಪ್ರತಿಯೊಂದನ್ನು ನೋಡಿ, ಚಿತ್ರಗಳ ಮುದ್ರಣ ತನಗೆ ಸರ್ವಥಾ ಒಪ್ಪಿಗೆಯಿಲ್ಲವೆಂದು ಬರೆದನು. ಅಚ್ಚಿನ ಖರ್ಚೆಲ್ಲವೂ ಕ್ಯಾರಲ್ಲನದೇ. ಅವನೇನು ಧನಿಕನಲ್ಲ, ಕಾಲೇಜಿನಲ್ಲಿ ಗಣಿತ ಹೇಳುವವನು. ಆದರೂ ಚಿತ್ರಗಾರನ ಮಾತಿಗೆ ತಲೆಬಾಗಿ ಆ ಮುದ್ರಣವನ್ನೇ ಹಿಂತೆಗೆದುಕೊಂಡು, ಬೇರೆ ಮುದ್ರಣಾಲಯದಲ್ಲಿ ಮೊದಲಿನಿಂದ ಅಚ್ಚುಮಾಡಿಸಿದನು. ಹಿಂತೆಗೆದ ಮುದ್ರಣದ ಪ್ರತಿಗಳಲ್ಲಿ ಇಂದು ಲೋಕದಲ್ಲಿ ಉಳಿದಿರುವುವು ಇಪ್ಪತ್ತು ಚಿಲ್ಲರೆ ಮಾತ್ರ.

ಆಲಿಸಳ ಎರಡನೆಯ ಪುಸ್ತಕ 1871ರಲ್ಲಿ ಹೊರಬಂದಿತು. ಅದರಲ್ಲಿ ಕೃತಕ ಕೂದಲಿನ ಟೋಪಿ ಧರಿಸಿದ ಕಣಜವೊಂದರ ಪ್ರಸಂಗ ಬರಬೇಕಾಗಿತ್ತು. 1870ರ ಜೂನ್ ತಿಂಗಳಿನಲ್ಲಿ ಟೆನಿಯಲ್ಲನು ಲೇಖಕನಿಗೆ ಕಾಗದ ಬರೆದು, ಆ ಭಾಗ ತನಗೆ ಸ್ವಲ್ಪವೂ ಸ್ವಾರಸ್ಯವೆನಿಸಲಿಲ್ಲ, ಅಂತಹ ಕಣಜವನ್ನು ಚಿತ್ರಿಸುವುದು ಕಲೆಯ ಅಳವಿಗೆ ಮೀರಿದುದು, ಪುಸ್ತಕವನ್ನು ಮೊಟಕುಗೊಳಿಸಬೇಕೆಂದಿದ್ದರೆ ಇದೇ ಅವಕಾಶ ಎಂದು ತಿಳಿಸಿದನು. ಕ್ಯಾರಲ್ಲನು ಆ ಪ್ರಸಂಗವನ್ನೇ ಕೈಬಿಟ್ಟನು. ಅದರ ಅಚ್ಚಿನ ಕರಡು 1974ರಲ್ಲಿ ಹರಾಜಿನಲ್ಲಿ ಕಾಣಿಸಿಕೊಂಡು, 1977ರಲ್ಲಿ ಬೆಳಕು ಕಂಡಿತು. ಒಬ್ಬ ಚಿತ್ರಗಾರನು 'ಒಲ್ಲೆ' ಎಂದುದಕ್ಕೆ ಒಂದು ಅಧ್ಯಾಯ ನೂರು ವರ್ಷ ಕತ್ತಲೆಯಲ್ಲಿದ್ದಿತು!

ಇದರಿಂದ ತಿಳಿಯುವುದೇನು? ಹೇಳಿದುದನ್ನು ಬರೆಯುವ ಚಿತ್ರಗಾರನು ಬಾಯಿಲ್ಲದ ಕೈಯಲ್ಲ. ಅವನಿಗೆ ಮಾತುಂಟು, ಮನ್ನಣೆಯುಂಟು, 'ಒಲ್ಲೆ' ಎನ್ನುವ ಶಕ್ತಿಯುಂಟು. ಟೆನಿಯಲ್ಲನಿಗಂತೂ ಧಾರಾಳವಾಗಿ ಇದ್ದಿತು.

ಇನ್ನು ಎರಡನೆಯ ಮುಖ. 'ಪಂಚ್' ಪತ್ರಿಕೆಯ ಬಳಗದವರು ಪ್ರತಿ ಬುಧವಾರ ರಾತ್ರಿ ಒಂದೇ ಮೇಜಿನ ಸುತ್ತ ಊಟಕ್ಕೆ ಕೂಡುತ್ತಿದ್ದರು. ಊಟ ಮುಗಿದ ಮೇಲೆ ಆ ವಾರದ ದೊಡ್ಡ ವ್ಯಂಗ್ಯಚಿತ್ರ ಯಾವ ವಿಷಯದ ಮೇಲಿರಬೇಕು, ಯಾರನ್ನು ಹೇಗೆ ತೋರಿಸಬೇಕು ಎಂಬ ಚರ್ಚೆ. ನಿಶ್ಚಯವಾದುದನ್ನು ಟೆನಿಯಲ್ಲನು ಮನೆಗೆ ಒಯ್ದು ಶುಕ್ರವಾರದ ಹೊತ್ತಿಗೆ ಹಲಗೆಯ ಮೇಲೆ ಇಳಿಸುವನು. ಕೆತ್ತನೆಗಾರನು ರಾತ್ರಿಯೆಲ್ಲ ಕೂತು ಕೆತ್ತುವನು. ತನ್ನದೆಂಬ ಸಣ್ಣ ರಾಜಕೀಯ ಅಭಿಪ್ರಾಯವೇನಾದರೂ ಇದ್ದರೆ ಅದು ತನ್ನೊಳಗೇ ಇರುವುದು, ಬಹಿರಂಗದಲ್ಲಿ ಪತ್ರಿಕೆಯ ಅಭಿಪ್ರಾಯವೇ ತನ್ನದು ಎಂಬ ಅರ್ಥದ ಮಾತನ್ನು ಅವನೇ ಆಡಿದ್ದುಂಟು. ಅಂದರೆ, "ಅವರು ಹೇಳಿದರು, ನಾನು ಬರೆದೆ."

1857ರ ಜುಲೈ ತಿಂಗಳಿನಲ್ಲಿ ಕಾನ್ಪುರದಲ್ಲಿ ಸೆರೆಸಿಕ್ಕಿದ್ದ ಆಂಗ್ಲ ಹೆಂಗಸರೂ ಮಕ್ಕಳೂ ಕೊಲೆಯಾದರು. ಆ ಸುದ್ದಿ ಲಂಡನ್ನಿಗೆ ಮುಟ್ಟಿದಾಗ ಎದ್ದ ಸಂಕಟವು ಸುಳ್ಳು ಸಂಕಟವಲ್ಲ. ಆಗಸ್ಟ್ 22ರ 'ಪಂಚ್'ನಲ್ಲಿ ಟೆನಿಯಲ್ಲನ ಚಿತ್ರ ಬಂದಿತು: ತಾಯಿ ಮಗುವನ್ನು ಕೆಡವಿ ನಿಂತ ಬಂಗಾಳದ ಹುಲಿಯ ಮೇಲೆ ಬ್ರಿಟಿಷ್ ಸಿಂಹವು ಸೇಡಿಗಾಗಿ ಎರಗುತ್ತಿದೆ. ಸೆಪ್ಟೆಂಬರ್ 12ರಂದು ಇನ್ನೊಂದು. ಅದರ ಹೆಸರು 'ನ್ಯಾಯ'. ಹನ್ನೆರಡು ವರ್ಷಗಳ ಹಿಂದೆ ಬಹುಮಾನ ತಂದುಕೊಟ್ಟ ಅದೇ ದೇವತೆ ಈಗ ಖಡ್ಗವೆತ್ತಿ ಸಿಪಾಯಿಗಳನ್ನು ತುಳಿಯುತ್ತ ಕಡಿಯುತ್ತಿದ್ದಾಳೆ. ಅವಳ ಹಿಂದೆ ಸೈನಿಕರ ಸಾಲು. ಹಿನ್ನೆಲೆಯಲ್ಲಿ ಗೋಳಿಡುವ ಭಾರತದ ಹೆಂಗಸರು, ಮಕ್ಕಳು. ನ್ಯಾಯಕ್ಕೆ ಇರಬೇಕಾದ ತಕ್ಕಡಿಯ ವಿವೇಕ ಅಲ್ಲಿಲ್ಲ. ತಪ್ಪಿತಸ್ಥರನ್ನೂ ಅಲ್ಲದವರನ್ನೂ ಬೇರೆಮಾಡದೆ ಶಿಕ್ಷಿಸಬಾರದೆಂದು ಗವರ್ನರ್ ಜನರಲ್ ಕ್ಯಾನಿಂಗನು ಅದೇ ಜುಲೈ 31ರಂದು ಆಜ್ಞೆ ಹೊರಡಿಸಿದ್ದನು. ಆ ದಯೆಯನ್ನೇ ಹಿಡಿದು 'ಪಂಚ್' ಅವನನ್ನು ಗೇಲಿಮಾಡಿತು. ಕೈಯಲ್ಲಿ ಬಂದೂಕು ಹಿಡಿಯದ ಹಳ್ಳಿಗರು ಉತ್ತರ ದೇಶದಲ್ಲಿ ನೇಣಿಗೇರುತ್ತಿದ್ದ ತಿಂಗಳುಗಳವು. ಮುಂದಿನ ದಶಕಗಳಲ್ಲಿ ಐರ್ಲೆಂಡಿನ ಹೋರಾಟಗಾರರಿಗೂ ಇದೇ ಕೈ ಕಪಿಯ ಮೋರೆ ಕೊಟ್ಟಿತು.

ಈಗ ಎರಡು ಮುಖಗಳನ್ನೂ ಒಟ್ಟಿಗೆ ನೋಡಿ. ಮಸಿ ಮಾಸಲಾಗಿ ಇಳಿದುದಕ್ಕೆ 'ಒಲ್ಲೆ' ಎಂದ ಕೈ, ಕಣಜದ ತಲೆಗೆ ಕೂದಲು ಒಪ್ಪುವುದಿಲ್ಲವೆಂದು 'ಒಲ್ಲೆ' ಎಂದ ಕೈ, ನ್ಯಾಯದೇವತೆಯನ್ನು ಕಟುಕಳನ್ನಾಗಿ ಬರೆ ಎಂದಾಗ 'ಆಗಲಿ' ಎಂದಿತು. ಕಲೆಗೆ ಕುಂದು ಬಂದಾಗ ನೊಂದ ಮನಸ್ಸು ಮನುಷ್ಯನಿಗೆ ಕುಂದು ಬಂದಾಗ ನೋಯಲಿಲ್ಲ. ನನ್ನನ್ನು ಕಾಡುವುದು ಇದೇ. ಮಾಸ್ತರರು ನರಿಯ ಕಾಲನ್ನು ಹೊಗಳಿದಾಗ ನನಗೆ ನಾಚಿಕೆಯಾದುದೂ ಇದಕ್ಕೇ. ಆ ಕಾಲಿಗಾಗಿ ನಾನು ಮೂರು ಸ್ಟೆನ್ಸಿಲ್ ಹಾಳೆಗಳನ್ನು ಹಾಳುಮಾಡಿದ್ದೆ; ಆ ಮುಂಡಿಗಾಗಿ ಒಂದು ಗಳಿಗೆಯೂ ಯೋಚಿಸಿರಲಿಲ್ಲ.

ಇಲ್ಲಿ ಆಕ್ಷೇಪಗಳು ಏಳುವುವು. ನಮ್ಮ ಕಡೆಯವರಿಗೆ ಮೊದಲು ಹೊಳೆಯುವುದು ತಾಳಮದ್ದಳೆ. ಇಂದು ದುರ್ಯೋಧನನ ಅರ್ಥ ಹೇಳಿದವರು ನಾಳೆ ಕೃಷ್ಣನ ಅರ್ಥ ಹೇಳುವರು. ಪಾಂಡವರನ್ನು ಹೀಗಳೆದರೆಂದು ಯಾರೂ ಅರ್ಥಧಾರಿಯ ಮೇಲೆ ದೋಷ ಹೊರಿಸುವುದಿಲ್ಲ, ಹೀಗಳೆಯದಿದ್ದರೆ ದೋಷ! ಪ್ರಸಂಗ ಕೊಟ್ಟ ಪಾತ್ರವನ್ನು ಅವರು ನಿರ್ವಹಿಸಿದರು. ಚಿತ್ರಗಾರನೂ ಅಷ್ಟೇ ಅಲ್ಲವೆ?

ಅಲ್ಲ ಎಂದು ನನಗೆ ತೋರುತ್ತದೆ. ತಾಳಮದ್ದಳೆಯಲ್ಲಿ ದುರ್ಯೋಧನನಿಗೆ ಎದುರಾಗಿ ಇನ್ನೊಬ್ಬ ಅರ್ಥಧಾರಿ ಕುಳಿತಿರುತ್ತಾರೆ. ಆಡಿದ ಮಾತಿಗೆ ಅಲ್ಲೇ ಮಾರುತ್ತರವುಂಟು; ತೂಗಿ ನೋಡಲು ಸಭೆಯುಂಟು. 'ಪಂಚ್'ನ ಬುಧವಾರದ ಮೇಜಿನಲ್ಲಿ ಸಿಪಾಯಿಯ ಪರವಾಗಿ ಅರ್ಥ ಹೇಳುವವರು ಕುಳಿತಿರಲಿಲ್ಲ. ನಮ್ಮ ನಾಲ್ವರು ಹಿರಿಯರ ನಡುವೆ ಮಾಸ್ತರರಿಗೂ ಜಾಗವಿರಲಿಲ್ಲ. ಎದುರಾಳಿಗೆ ಆಸನವಿಲ್ಲದ ಕೂಟದಲ್ಲಿ ಆಡಿದ ಮಾತು ಪಾತ್ರದ ಮಾತಲ್ಲ, ಅದು ತೀರ್ಪು. ಮೇಲಾಗಿ, ದುರ್ಯೋಧನನು ಬೆಳಗಾದರೆ ಕಥೆಯೊಳಕ್ಕೆ ಮರಳುವನು. ಚಿತ್ರದ ಹುಲಿಯ ಹೆಸರಿನಲ್ಲಿ ಬೇಟೆಯಾದವರು ಮರಳಲಿಲ್ಲ.

ಎರಡನೆಯ ಆಕ್ಷೇಪ ಹೊಟ್ಟೆಪಾಡಿನದು. ಉಣ್ಣುವ ಅನ್ನಕ್ಕೆ ಎರಡು ಬಗೆಯಬಾರದೆಂದು ನಮ್ಮಲ್ಲಿ ಹೇಳುವುದುಂಟು. ಸಂಬಳ ಕೊಡುವವನ ಮಾತನ್ನು ನಡೆಸದೆ ವೃತ್ತಿ ನಡೆದೀತೆ? ಇದಕ್ಕೆ ಉತ್ತರವನ್ನು ನಾನು ಹುಡುಕಬೇಕಾಗಿಲ್ಲ. ಟೆನಿಯಲ್ಲನು ಬಂದು ಕುಳಿತ ಕುರ್ಚಿಯೇ ಉತ್ತರ ಹೇಳುತ್ತದೆ. ಅದು ಬರಿದಾದುದು ಹೇಗೆ? ಅವನಿಗೆ ಮೊದಲು ಅಲ್ಲಿದ್ದವನು ರಿಚರ್ಡ್ ಡಾಯ್ಲ್. ಹತ್ತೊಂಬತ್ತರ ಹರೆಯದಲ್ಲಿ, 1843ರಲ್ಲಿ, ಪತ್ರಿಕೆಯನ್ನು ಸೇರಿದವನು. 1849ರಿಂದ 'ಪಂಚ್' ತೊಟ್ಟ ಮುಖಪುಟ ಅವನ ರಚನೆ. 1850ರಲ್ಲಿ ಪತ್ರಿಕೆಯು ರೋಮನ್ ಕ್ಯಾಥೊಲಿಕರನ್ನೂ ಅವರ ಗುರುವಾದ ಪೋಪನನ್ನೂ ಹೀಯಾಳಿಸತೊಡಗಿತು. ಡಾಯ್ಲ್ ಕ್ಯಾಥೊಲಿಕನು. ತನ್ನವರನ್ನು ತನ್ನ ಪತ್ರಿಕೆ ಹೀಗೆ ನಡೆಸಿಕೊಳ್ಳುವಾಗ ತಾನು ಅಲ್ಲಿರಲಾರೆನೆಂದು ಗಟ್ಟಿಯಾಗಿದ್ದ ಕೆಲಸವನ್ನು ಬಿಟ್ಟು ಹೊರಟನು. ಆಗ ಅವನಿಗೆ ಇಪ್ಪತ್ತಾರು ವರ್ಷ. ಪುಸ್ತಕಗಳಿಗೆ ಚಿತ್ರ ಬರೆದು ಬದುಕಿದನು; 1870ರಲ್ಲಿ ಬಂದ ಅವನ ಕಿನ್ನರಲೋಕದ ಚಿತ್ರಗಳ ಪುಸ್ತಕ ಇಂದಿಗೂ ಹೆಸರಾಗಿದೆ. ವಿನೋದವೆಂದರೆ, ಅವನು ಬಿಟ್ಟು ಹೋದ ಮೇಲೂ ಅವನ ಮುಖಪುಟವನ್ನು ಮಾತ್ರ 'ಪಂಚ್' 1956ರ ತನಕ ಬಿಡಲಿಲ್ಲ.

ಡಾಯ್ಲನ ತ್ಯಾಗವನ್ನು ಹಿಗ್ಗಿಸಿ ಹೇಳುವ ಆವಶ್ಯಕತೆಯಿಲ್ಲ. ಅವನು ನೊಂದುದು ತನ್ನವರಿಗಾಗಿ. ತನ್ನವರಿಗಾಗಿ ನೋಯುವುದು ಮೊದಲನೆಯ ಮೆಟ್ಟಿಲು. ತನ್ನವರಲ್ಲದವರಿಗಾಗಿ ನೋಯುವುದು ಅದರ ಮೇಲಿನದು. ಆದರೂ ಒಂದನ್ನು ಅವನು ತೋರಿಸಿಕೊಟ್ಟನು: ಎದ್ದು ಹೋಗಲು ಆ ಕೋಣೆಗೆ ಬಾಗಿಲಿದ್ದಿತು. ಅದೇ ಬಾಗಿಲಿನಿಂದಲೇ ಟೆನಿಯಲ್ಲನು ಒಳಗೆ ಬಂದುದು. ಎಲ್ಲರಿಗೂ ಬಾಗಿಲು ಅಷ್ಟು ಅಗಲವಾಗಿರುವುದಿಲ್ಲ, ನಿಜ. ಮನೆಯಲ್ಲಿ ಹಸಿದ ಮಕ್ಕಳಿರುವ ಬಡ ಚಿತ್ರಗಾರನನ್ನು ಇದೇ ಅಳತೆಗೋಲಿನಿಂದ ಅಳೆಯುವುದು ಕ್ರೌರ್ಯ. ಶಕ್ತಿಯಿದ್ದಷ್ಟೇ ಹೊಣೆ. ಆದರೆ ಒಂದು ಮುದ್ರಣವನ್ನೇ ಹಿಂದಕ್ಕೆ ತರಿಸಬಲ್ಲವನು ತಾನು ಅಶಕ್ತನೆಂದು ಹೇಳಿಕೊಳ್ಳುವಂತಿಲ್ಲ.

ಮೂರನೆಯ ಆಕ್ಷೇಪ, "ಕಾಲವೇ ಹಾಗಿದ್ದಿತು" ಎಂಬುದು. ಕಾಲ ಹಾಗಿದ್ದುದು ಹೌದು. ಆದರೆ ಅದೇ ಕಾಲದಲ್ಲಿ ಕ್ಯಾನಿಂಗನೂ ಇದ್ದನು. ಅದೇ 1857ರ ನವೆಂಬರಿನಲ್ಲಿ, ನಮ್ಮ ಮುಧೋಳ ಸೀಮೆಯ ಹಲಗಲಿಯಲ್ಲಿ, ಆಯುಧಗಳನ್ನು ಒಪ್ಪಿಸಲಾರೆವೆಂದ ಬೇಡರ ಊರನ್ನು ಕಂಪನಿಯ ದಂಡು ಸುಟ್ಟಿತು, ಸೆರೆಸಿಕ್ಕವರು ನೇಣಿಗೇರಿದರು. ಆ ಕಥೆಯನ್ನು ಕಟ್ಟಿ ಹಾಡಿದ ಲಾವಣಿಕಾರರು ಅಕ್ಷರಬಲ್ಲ ಪಂಡಿತರಲ್ಲ. ಬುಧವಾರದ ಭೋಜನ ಉಂಡವರಲ್ಲ. ಆದರೆ ಅವರ ಲಾವಣಿಯಲ್ಲಿ ಸತ್ತವರಿಗೆ ಹೆಸರುಗಳುಂಟು: ಹನುಮ, ಬಾಲ, ಜಡಗ, ರಾಮ. ಆ ಲಾವಣಿಯನ್ನು ಮುಂದೆ ಸಂಗ್ರಹಿಸಿ ಅಚ್ಚುಹಾಕಿಸಿದವನು ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯೇ. ಲಂಡನ್ನಿನ ಚಿತ್ರ ಮನುಷ್ಯರನ್ನು ಹುಲಿಯಾಗಿಸಿತು. ಹಳ್ಳಿಯ ಹಾಡು ಮನುಷ್ಯರನ್ನು ಹೆಸರು ಹಿಡಿದು ಕರೆಯಿತು. ಒಂದೇ ಕಾಲ, ಎರಡು ನೋಟ. ಹೆಸರು ಹಿಡಿದು ಕರೆದವನನ್ನು ಮೃಗವೆಂದು ಕಾಣುವುದು ಕಷ್ಟ. ನನ್ನ ನರಿಗೆ ಮುಂಡು ಉಡಿಸುವ ಮೊದಲು ಮಾಸ್ತರರ ಹೆಸರನ್ನು ಒಮ್ಮೆ ಮನಸ್ಸಿನಲ್ಲಿ ನೆನೆದಿದ್ದರೆ ಗೆರೆ ಅಲ್ಲಿಯೇ ನಿಲ್ಲುತ್ತಿತ್ತು.

ಹಾಗೆಂದು ಟೆನಿಯಲ್ಲನ ಪುಸ್ತಕಗಳನ್ನು ಬೆಂಕಿಗೆ ಹಾಕೋಣವೆ? ಬೇಡ. ಬಿಳಿಯ ಮೊಲವು ಯಾರಿಗೂ ಕೇಡು ಬಗೆದಿಲ್ಲ. ಮಕ್ಕಳ ನಗು ಸುಳ್ಳಲ್ಲ. ಆ ನಗುವನ್ನು ತಂದ ಗೆರೆಯೂ ಸುಳ್ಳಲ್ಲ. ಆದರೆ ಒಂದು ವಿಷಯವನ್ನು ಗಮನಿಸಬೇಕು. ಟೆನಿಯಲ್ಲನು ತನ್ನ ಹೆಸರಿನ ಎರಡು ಮೊದಲಕ್ಷರಗಳನ್ನು ಒಂದರೊಳಗೊಂದು ಹೆಣೆದು ಚಿತ್ರದ ಮೂಲೆಯಲ್ಲಿಡುತ್ತಿದ್ದನು. ಆಲಿಸಳ ಚಿತ್ರಗಳಲ್ಲಿಯೂ ಅದೇ ಗುರುತು. ರಾಜಕೀಯ ಚಿತ್ರಗಳಲ್ಲಿಯೂ ಅದೇ ಗುರುತು. ಕೆತ್ತಿದವನ ಗುರುತು ಬೇರೆ, ಅಚ್ಚುಹಾಕಿದವನ ಗುರುತು ಬೇರೆ. ಬುಧವಾರದ ಮೇಜಿನವರದು ಮಾತ್ರ ಗುರುತೇ ಇಲ್ಲ.

ಬೇಲೂರಿನ ಶಿಲ್ಪಿಗಳಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ವಿಗ್ರಹಗಳ ಪೀಠದಲ್ಲಿ ಹೆಸರು ಕೊರೆದಿದ್ದಾರೆ. ಗುಡಿ ಕಟ್ಟಿಸಿದವನು ಅರಸು, ಲಕ್ಷಣ ಹೇಳಿದುದು ಶಾಸ್ತ್ರ. ಆದರೂ 'ಇದು ನಾನು ಮಾಡಿದುದು' ಎಂದು ಅವರು ಹೇಳಿಕೊಂಡರು. ಅಂಕಿತವೆಂದರೆ ಅದು. ವಚನಕ್ಕೂ ಕೀರ್ತನೆಗೂ ಅಂಕಿತವಿಟ್ಟ ನಾಡು ನಮ್ಮದು. ಆಡಿದ ಮಾತಿಗೆ ಸಾಕ್ಷಿಯನ್ನು ಕರೆದು ನಿಲ್ಲಿಸಿದಂತೆ ಅದು. ಮೆಚ್ಚುಗೆ ಬಂದಾಗ 'ಇದು ನನ್ನದು', ಆಕ್ಷೇಪ ಬಂದಾಗ 'ಇದು ಅವರು ಹೇಳಿದುದು' ಎನ್ನುವುದು ಅಂಕಿತಕ್ಕೆ ಒಪ್ಪುವ ನಡತೆಯಲ್ಲ. ಲಾಭಕ್ಕೆ ಇಟ್ಟ ಗುರುತೇ ನಷ್ಟಕ್ಕೂ ಗುರುತು.

ಆದುದರಿಂದ ನನ್ನ ಉತ್ತರ ಇಷ್ಟೇ. ಹೇಳಿದವನ ಹೊಣೆ ಹೇಳಿದವನಿಗಿದೆ. ಕೊಂಡು ನಕ್ಕವನ ಹೊಣೆ ಅವನಿಗೂ ಇದೆ. ಆದರೆ ಅವೆರಡನ್ನೂ ಕೂಡಿಸಿದರೂ ಬರೆದವನ ಪಾಲಿನಲ್ಲಿ ಒಂದು ಕಾಸೂ ಕಡಮೆಯಾಗುವುದಿಲ್ಲ. ಹೊಣೆಯೆಂಬುದು ಪಾಲುಮಾಡಿದರೆ ಕರಗುವ ಆಸ್ತಿಯಲ್ಲ. ಸಾವಿರ ಕೈ ದಾಟಿದರೂ ಅದು ಪ್ರತಿಯೊಂದು ಕೈಗೂ ಪೂರ್ತಿಯಾಗಿಯೇ ಅಂಟುವುದು.

ಟೆನಿಯಲ್ಲನಿಗೆ 1893ರಲ್ಲಿ ಸರ್ ಪದವಿ ದೊರೆಯಿತು. 1901ರಲ್ಲಿ ಅವನು ನಿವೃತ್ತನಾದಾಗ ಲಂಡನ್ನಿನ ಗಣ್ಯರೆಲ್ಲ ಸೇರಿ ದೊಡ್ಡದೊಂದು ಔತಣವಿತ್ತರು. ಉತ್ತರ ಹೇಳಲು ಎದ್ದ ಎಂಬತ್ತೊಂದರ ಮುದುಕನಿಗೆ ಗಂಟಲು ಕಟ್ಟಿ ಮಾತು ಮುಂದುವರಿಯಲಿಲ್ಲ. ಕೊನೆಯ ವರ್ಷಗಳಲ್ಲಿ ಉಳಿದಿದ್ದ ಒಂದು ಕಣ್ಣೂ ಮಂಜಾಯಿತು. 1914ರ ಫೆಬ್ರವರಿಯಲ್ಲಿ ತೀರಿಕೊಂಡನು. ಅವನನ್ನು ತೂಗಲು ನಾನು ಯಾರು? ಅವನ ಗೆರೆಯ ನೂರರಲ್ಲಿ ಒಂದು ಪಾಲು ನನ್ನ ಕೈಗೆ ಬಂದಿಲ್ಲ. ಅವನ ತಪ್ಪು ಮಾತ್ರ ಬಂದಿತು.

ಪಕ್ಕದ ಮನೆಯ ಮಾಸ್ತರರು ಈಗಿಲ್ಲ. ಆ ಸಂಚಿಕೆಯ ನಂತರವೂ ಅವರು ನನ್ನನ್ನು 'ಮಗನೆ' ಎಂದೇ ಕರೆದರು. ಹಬ್ಬಕ್ಕೆ ಪಾಯಸ ಕಳುಹಿಸಿದರು. ನಾನು ತಪ್ಪೊಪ್ಪಿಕೊಳ್ಳಲಿಲ್ಲ. ಹೇಳಬೇಕೆಂದಿದ್ದ ಮಾತು ಚಿಕ್ಕದು: "ಅವರು ಹೇಳಿದ್ದು ಹೌದು, ಮಾಸ್ತರರೇ, ಬರೆದದ್ದು ನಾನು." ಅದನ್ನು ಇಂದು ಇಲ್ಲಿ ಬರೆದು ಅಂಕಿತವಿಟ್ಟಿದ್ದೇನೆ. ಉರುಳೆ ತಿರುಗಲಿ.